ಕಾಂತಕ್ಕೆ ಕಚ್ಚಿದ ಶಿಲುಬೆ

ನಾನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಆ ಕಾಲದಲ್ಲಿ, ನಮ್ಮ ಉರಿಗಾಂ ಚಿನ್ನದ ಗಣಿಯ ಲೈನುಮನೆಗಳಿಗೆ ಅವರೆಕಾಯಿ ಬಂತೆಂದರೆ ಬೇರೆ ಹಬ್ಬ ಬೇಕಿರಲಿಲ್ಲ. ಕಾಮಸಮುದ್ರದ ಕಡೆಯಿಂದ ಬಸ್ಸಿನ ಟಾಪಿನ ಮೇಲೆ ಮೂಟೆ ಬರುತ್ತಿತ್ತು. ಸಂಜೆ ಗಣಿಯ ಸೈರನ್ ಕೂಗಿ ಗಂಡಸರು ಮನೆ ಸೇರುವ ಹೊತ್ತಿಗೆ ಬೀದಿಯಲ್ಲೇ ಚಾಪೆ ಹಾಸಿ, ನಾಲ್ಕಾರು ಮನೆಯವರು ಒಟ್ಟಿಗೆ ಕೂತು ಕಾಯಿ ಸುಲಿಯುತ್ತಿದ್ದರು. ಸೊಗಡಿನ ಜಿಡ್ಡು ಬೆರಳಿಗೆ ಹತ್ತಿ, ಮುದ್ದೆ ಮುರಿಯುವಾಗಲೂ ಅದೇ ವಾಸನೆ. ಈಗ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಊಟ ಸೇರುವುದಿಲ್ಲ. ಯಾಕೆಂದು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇಲ್ಲಿ ಹೇಳುತ್ತೇನೆ.

ಕಾಯಿ ಸುಲಿಯುವಾಗ ಕಥೆ ಹೇಳುತ್ತಿದ್ದವನು ನನ್ನ ತಾತ, ಅಮ್ಮನ ಅಪ್ಪ. ಹರೆಯದಲ್ಲಿ ಮೊದಲನೇ ಮಹಾಯುದ್ಧಕ್ಕೆ ಹೋಗಿ ಗಾಯಾಳುಗಳನ್ನು ಹೊರುವ ಕೆಲಸ ಮಾಡಿ ಬಂದಿದ್ದ. ಅಲ್ಲಿ ಗುಂಡು ತಗಲಿ ಬಿದ್ದಿದ್ದ ಒಬ್ಬ ಜರ್ಮನ್ ಸಿಪಾಯಿಗೆ ನೀರು ಕುಡಿಸಿದನಂತೆ. ಅವನು ಪ್ರಾಣ ಬಿಡುವ ಮುಂಚೆ ತನ್ನ ಪದಕ ಬಿಚ್ಚಿ ತಾತನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದನಂತೆ. ಕಪ್ಪು ಶಿಲುಬೆ, ಸುತ್ತ ಬೆಳ್ಳಿ ಅಂಚು, ನಡುವೆ ಇಂಗ್ಲಿಷಿನ ಡಬ್ಲ್ಯು ಅಕ್ಷರ, ಮೇಲೊಂದು ಕಿರೀಟ. ತಾತ ಅದನ್ನು ಹೊಗೆಸೊಪ್ಪಿನ ಡಬ್ಬಿಯಲ್ಲಿ ಇಟ್ಟಿದ್ದ. ಲೈನಿನವರೆಲ್ಲ ಅವನನ್ನು ಜರ್ಮನಿ ತಾತ ಎನ್ನುತ್ತಿದ್ದರು. ಅಳಿಯನ ಮನೆಯಲ್ಲಿ ಉಣ್ಣುತ್ತಿದ್ದ ಮುದುಕನಿಗೆ ಇದ್ದ ಮರ್ಯಾದೆ ಅದೊಂದೇ.

ನನಗೂ ಒಂದು ಆಸ್ತಿ ಇತ್ತು. ಕೆಟ್ಟ ಸೈಕಲ್ ಡೈನಮೊದಿಂದ ಕಿತ್ತ ಅಯಸ್ಕಾಂತ. ಗಣಿಯವರು ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಮಣ್ಣಿನಲ್ಲಿ ಅದನ್ನು ಎಳೆದಾಡಿದರೆ ಕರಿ ಮರಳು ಮೀಸೆಯಂತೆ ಹತ್ತುತ್ತಿತ್ತು. ಚಿನ್ನ ಮಾತ್ರ ಕಾಂತಕ್ಕೆ ಕಚ್ಚುವುದಿಲ್ಲ ಎಂದು ಅಪ್ಪ ಹೇಳಿಕೊಟ್ಟಿದ್ದ. ಚಿನ್ನದ ಗಣಿಯ ಮಕ್ಕಳಿಗೆ ಅದಕ್ಕಿಂತ ದೊಡ್ಡ ಶಾಸ್ತ್ರ ಬೇಕೆ? ಕಚ್ಚಿದರೆ ಡೂಪು, ಕಚ್ಚದಿದ್ದರೆ ಅಸಲಿ. ಬಂಗಾರಪೇಟೆಯಲ್ಲಿ ಓಲೆ ಕೊಂಡು ತಂದ ಹೆಂಗಸರೂ ತಮಾಷೆಗೆ ನನ್ನನ್ನು ಕರೆದು ತೋರಿಸುತ್ತಿದ್ದರು. ನಾನು ಗತ್ತಿನಿಂದ ತೀರ್ಪು ಕೊಡುತ್ತಿದ್ದೆ.

ಒಂದು ಸಂಜೆ, ಕಥೆ ಮುಗಿದ ಮೇಲೆ, ಪಕ್ಕದ ಮನೆಯ ನನ್ನ ಗೆಳೆಯ ಸೆಲ್ವಂನ ಅಪ್ಪ ಅವರೆಸಿಪ್ಪೆ ಎಸೆಯುತ್ತಾ ತಾತನ ಕಡೆ ನೋಡಿ ನಕ್ಕ. "ಪೆರಿಯವರೇ, ಬಂಗಾರಪೇಟೆ ಸಂತೇಲಿ ಇಂತಾ ಜರ್ಮನಿ ಡಜನ್ ಲೆಕ್ಕದಲ್ಲಿ ಸಿಗುತ್ತೆ."

ತಾತನ ಮುಖ ಕಂದಿತು. ನನಗೆ ರೋಷ ಬಂತು. ಒಳಗೆ ಓಡಿ ಕಾಂತ ತಂದೆ. ಅಷ್ಟು ಜನರ ಮುಂದೆ ತಾತನನ್ನು ಗೆಲ್ಲಿಸಿಬಿಡಬೇಕು ಎಂಬುದೊಂದೇ ನನ್ನ ಆಸೆ. ತಾತನೂ ಹೆಮ್ಮೆಯಿಂದಲೇ ಶಿಲುಬೆಯನ್ನು ಚಾಪೆಯ ಮೇಲಿಟ್ಟ. "ನೋಡ್ಲಾ, ನೋಡಿ ಏಳ್ಲಾ ಇವ್ರಿಗೆ."

ಕಾಂತ ಇನ್ನೂ ತಗಲುವ ಮೊದಲೇ ಶಿಲುಬೆ ಎಗರಿ ಟಕ್ಕೆಂದು ಕಚ್ಚಿಕೊಂಡಿತು.

ಬೀದಿಯೆಲ್ಲ ನಕ್ಕಿತು. ಸೆಲ್ವಂ ಚಾಪೆಯ ಮೇಲೆ ಉರುಳಾಡಿದ. ನಾನು ಒಂದು ಗಳಿಗೆ ತಾತನ ಮುಖ ನೋಡಿದೆ. ಆಮೇಲೆ ನಾನೂ ನಕ್ಕೆ. ನಕ್ಕಿದ್ದಷ್ಟೇ ಅಲ್ಲ, ತೀರ್ಪು ಕೊಡುವ ನನ್ನ ಎಂದಿನ ಗತ್ತಿನಲ್ಲೇ, "ಡೂಪು ತಾತಾ, ಬರೀ ಕಬ್ಣ" ಎಂದೆ.

ತಾತ ಕಾಂತದಿಂದ ಅದನ್ನು ಬಿಡಿಸಿ, ಪಂಚೆಗೆ ಒರೆಸಿ, ನನ್ನೊಬ್ಬನಿಗೇ ಕೇಳುವಂತೆ ಅಂದ: "ಸಾಯೋನು ಸುಳ್ಳು ಕೊಡ್ತಾನೇನ್ಲಾ?"

ಮಾರನೆಯ ದಿನದಿಂದ ಅವನ ಹೆಸರು ಕಬ್ಣದ ತಾತ ಎಂದಾಯಿತು. ಕಾಯಿ ಸುಲಿಯಲು ಬಂದು ಕೂರುತ್ತಿದ್ದ, ಕಥೆ ಮಾತ್ರ ಹೇಳಲಿಲ್ಲ.

ಆಗ ಹಳೇ ಕಬ್ಬಿಣಕ್ಕೆ ಖರ್ಜೂರ ಕೊಡುವವನು ಗಂಟೆ ಬಾರಿಸುತ್ತಾ ತಳ್ಳುಗಾಡಿಯಲ್ಲಿ ಬರುತ್ತಿದ್ದ. ಬರೀ ಕಬ್ಣ ತಾನೇ ಎಂದು ಡಬ್ಬಿಯಿಂದ ಶಿಲುಬೆ ಎತ್ತಿಕೊಂಡು ಹೋಗಿ ಅವನ ತಕ್ಕಡಿಗೆ ಹಾಕಿದೆ. ಒಂದು ಹಿಡಿ ಖರ್ಜೂರ ಬಂತು. ಅದರಲ್ಲೊಂದನ್ನು ತಾತನಿಗೂ ಕೊಟ್ಟೆ. ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಚೀಪಿ, "ಸೀಯಾಗೈತೆ ಕಣ್ಲಾ" ಎಂದ. ಸಂಜೆ ಹೊಗೆಸೊಪ್ಪಿಗೆ ಡಬ್ಬಿ ತೆಗೆದವನು ಸುಮ್ಮನೆ ನೋಡಿ ಮುಚ್ಚಿದ. ಯಾರು ತೆಗೆದರೆಂದು ಕೇಳಲಿಲ್ಲ. ಯುಗಾದಿಗೆ ಮುಂಚೆಯೇ ತೀರಿಕೊಂಡ.

ಹೋದ ವರ್ಷ ಬಂಗಾರಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ಹಳೇ ನಾಣ್ಯ, ಪದಕಗಳ ಪ್ರದರ್ಶನ ಇಟ್ಟಿದ್ದರು. ಹೊತ್ತು ಹೋಗದೆ ಒಳಗೆ ಹೋದೆ. ಒಂದು ಮೇಜಿನ ಮೇಲೆ ಅಂಥವೇ ಎರಡು ಶಿಲುಬೆ ಕಂಡು ನನ್ನ ಕಾಲು ನಿಂತಿತು. ಒಂದು ಅಸಲಿ, ಒಂದು ನಕಲಿ, ಯಾವುದು ಹೇಳಿ ಎಂದು ಅಲ್ಲಿದ್ದ ಹೆಣ್ಣುಮಗಳು ಬಂದವರನ್ನೆಲ್ಲ ಕೇಳುತ್ತಿದ್ದಳು. ದಾರಕ್ಕೆ ಕಟ್ಟಿದ ಚಿಕ್ಕ ಕಾಂತವನ್ನು ಇಳಿಬಿಟ್ಟಳು. ಒಂದಕ್ಕೆ ಕಚ್ಚಲಿಲ್ಲ. ಇನ್ನೊಂದಕ್ಕೆ ಟಕ್ಕೆಂದು ಕಚ್ಚಿತು.

"ಕಚ್ಚಿದ್ದೇ ಅಸಲಿ ಸಾರ್" ಎಂದಳು.

ಇದರ ಹೆಸರೇ ಕಬ್ಬಿಣದ ಶಿಲುಬೆಯಂತೆ. ನಡುವಿನ ಕಪ್ಪು ಭಾಗ ಎರಕದ ಕಬ್ಬಿಣ, ಅದನ್ನು ಎರಡು ಬೆಳ್ಳಿ ಚೌಕಟ್ಟುಗಳ ನಡುವೆ ಇಟ್ಟು ಬೆಸೆಯುತ್ತಿದ್ದರಂತೆ. ನಕಲಿ ಮಾಡುವವರು ಬೇರೆ ಲೋಹದಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಈಗೀಗ ನಕಲಿಗೂ ಕಬ್ಬಿಣ ಹಾಕುವುದರಿಂದ ಕಾಂತವೊಂದನ್ನೇ ನಂಬಬಾರದು, ಅಂಚಿನ ಬೆಸುಗೆಯ ಗೆರೆ ನೋಡಬೇಕು, ಕಪ್ಪು ಬಣ್ಣದ ಅಡಿಯಲ್ಲಿ ತುಕ್ಕು ಉಬ್ಬಿದೆಯಾ ನೋಡಬೇಕು, ರಿಬ್ಬನ್ ಪೋಣಿಸುವ ಬಳೆಯ ಮೇಲೆ ತಯಾರಿಸಿದವರ ಸಣ್ಣ ಮುದ್ರೆ ಹುಡುಕಬೇಕು ಎಂದಳು. ನನಗೆ ಎಲ್ಲವೂ ನೆನಪಿತ್ತು. ಆ ಅಂಚಿನ ಗೆರೆಯನ್ನು ಎಷ್ಟೋ ಸಲ ಉಗುರಿನಿಂದ ಕೆರೆದಿದ್ದೆ. ಒಂದು ತೋಳಿನಲ್ಲಿ ಬಣ್ಣ ಗುಳ್ಳೆಯಂತೆ ಎದ್ದಿತ್ತು.

"ನಿಮ್ಮ ಹತ್ರ ಇತ್ತಾ ಸಾರ್?" ಎಂದು ಕೇಳಿದಳು.

"ಇತ್ತಮ್ಮ."

"ಏನಾಯ್ತು?"

"ತಿಂದ್ಬಿಟ್ಟೆ ಕಣಮ್ಮ" ಎಂದೆ. ಅವಳು ತಮಾಷೆ ಎಂದುಕೊಂಡು ನಕ್ಕಳು.

ಈಗ ಗಣಿ ಮುಚ್ಚಿದೆ, ಸೈರನ್ ಇಲ್ಲ, ನಾವು ಚಾಪೆ ಹಾಸುತ್ತಿದ್ದ ಕಡೆ ಮುಳ್ಳು ಬೆಳೆದಿದೆ. ಸೆಲ್ವಂ ಎಲ್ಲಿದ್ದಾನೋ ಗೊತ್ತಿಲ್ಲ. ಗುಜರಿ ಆಟೋ ಮೈಕಿನಲ್ಲಿ ಕೂಗಿಕೊಂಡು ಬರುತ್ತದೆ, ಖರ್ಜೂರ ಯಾರೂ ಕೊಡುವುದಿಲ್ಲ. ಊರು ಹೋದದ್ದಕ್ಕೆ ಎಲ್ಲರೂ ಅಳುತ್ತಾರೆ, ನಾನೂ ಅತ್ತಿದ್ದೇನೆ. ಆದರೆ ಬಂಗಾರಪೇಟೆಯಿಂದ ಬಂದ ಮೇಲೆ ನನ್ನನ್ನು ಕೊರೆಯುವುದು ಬೇರೆ. ಪದಕ ಹೋದರೆ ಹೋಗಲಿ. ತಾನು ನೀರು ಕುಡಿಸಿದ ಮನುಷ್ಯ ಸಾಯುವಾಗಲೂ ತನಗೆ ಸುಳ್ಳನ್ನೇ ಕೊಟ್ಟು ಹೋದ ಎಂದುಕೊಂಡೇ ತಾತ ಕಣ್ಣು ಮುಚ್ಚಿದನೋ ಏನೋ. ಹಾಗೆ ಅವನನ್ನು ನಂಬಿಸಿದವನು ನಾನು.