ಹದಿಮೂರರಿಂದ ಹದಿನೇಳು

ಸದಾನಂದನಿಗೆ ವರ್ಷಗಳ ಲೆಕ್ಕಕ್ಕೆ ಕ್ಯಾಲೆಂಡರ್ ಬೇಕಿರಲಿಲ್ಲ, ಕಾಂಟ್ರಾಕ್ಟ್ ಸಾಕಿತ್ತು. ವಸಂತಿಯನ್ನು ಮದುವೆಯಾದದ್ದು ಮೊದಲನೇ ಕಾಂಟ್ರಾಕ್ಟ್ ಮುಗಿಸಿ ಬಂದಾಗ. ಮಗಳು ಯಕ್ಷಿತಾ ಹುಟ್ಟಿದ್ದು ಎರಡನೆಯದರಲ್ಲಿ, ಮಗ ಹಿತೇಶ್ ಐದನೆಯದರಲ್ಲಿ. ಅಪ್ಪಯ್ಯ ತೀರಿಕೊಂಡದ್ದು ಒಂಬತ್ತನೆಯದರಲ್ಲಿ. ಆಗ ಹಡಗು ಅಲಾಸ್ಕದ ಕಡೆ ಎಲ್ಲೋ ಇತ್ತು, ಇವನು ಕುಂದಾಪುರ ತಲುಪುವಾಗ ಉತ್ತರಕ್ರಿಯೆಯ ಬೊಜ್ಜದ ಊಟವೂ ಮುಗಿದು ಚಪ್ಪರ ಬಿಚ್ಚುತ್ತಿದ್ದರು. ಪ್ರವಾಸಿ ಹಡಗುಗಳಲ್ಲಿ ದುಡಿಯುವವರೆಲ್ಲ ಮಾತಾಡುವುದು ಹೀಗೆಯೇ. ಎಂಟೊಂಬತ್ತು ತಿಂಗಳು ನೀರಿನ ಮೇಲೆ, ಎರಡು ಮೂರು ತಿಂಗಳು ಮನೆಯಲ್ಲಿ, ಅಲ್ಲಿಗೆ ಒಂದು ಕಾಂಟ್ರಾಕ್ಟ್. ಒಂದು ಕಾಂಟ್ರಾಕ್ಟ್ ಅಂದರೆ ಒಂದು ವರ್ಷ.

ಮುಂಬಯಿಗೆ ಬಂದಾಗ ಅವನಿಗೆ ಹದಿನಾರು. ಫೋರ್ಟಿನಲ್ಲಿ ಸೋದರಮಾವನ ಹೋಟೆಲಿತ್ತು. ಮಧ್ಯಾಹ್ನ ಒಂದು ಗಂಟೆಗೆ ಬ್ಯಾಂಕಿನವರು, ಕೋರ್ಟಿನವರು ನುಗ್ಗಿದರೆಂದರೆ ಒಬ್ಬ ಉಣ್ಣುವಾಗ ಇಬ್ಬರು ಅವನ ಕುರ್ಚಿಯ ಹಿಂದೆ ಕಾಯುತ್ತ ನಿಲ್ಲುತ್ತಿದ್ದರು. ಆ ಗಲಾಟೆಯಲ್ಲಿ ಟೇಬಲ್ ಒರೆಸುತ್ತಲೇ ಸದಾನಂದ ಒಂದು ವಿದ್ಯೆ ಕಲಿತ. ಗಿರಾಕಿ ಬಾಯಿ ತೆರೆಯುವ ಮೊದಲೇ ಮುಖ ನೋಡಿ ಅವನಿಗೇನು ಬೇಕೆಂದು ಹೇಳಿಬಿಡುತ್ತಿದ್ದ. ಆ ವಿದ್ಯೆಯೇ ಅವನನ್ನು ಹಡಗು ಹತ್ತಿಸಿತು.

ಹಡಗಿನಲ್ಲಿ ಕೆಲವು ವರ್ಷ ತಟ್ಟೆ ಎತ್ತಿ, ಕೆಲವು ವರ್ಷ ಬಡಿಸಿ, ಕೊನೆಗೆ ಅವನು ತಲುಪಿದ್ದು ಮೇಲಿನ ಡೆಕ್ಕಿನ ಟೀನ್ ಕ್ಲಬ್ಬಿಗೆ. ಹದಿಹರೆಯದ ಮಕ್ಕಳಿಗಾಗಿಯೇ ಮಾಡಿದ ಜಾಗ ಅದು. ಆಟ, ಹಾಡು, ಕುಣಿತ, ಒಂದು ಪುಟ್ಟ ಈಜುಕೊಳ. ಅಪ್ಪ ಅಮ್ಮಂದಿರಿಗೆ ಪ್ರವೇಶವಿಲ್ಲ. ಬಾಗಿಲ ಬಳಿ ಜ್ಯೂಸ್ ಕೌಂಟರ್, ಅದರ ಹಿಂದೆ ಸದಾನಂದ. ಜ್ಯೂಸ್ ಕೊಡುವುದೂ ಅವನೇ, ಬಾಗಿಲು ಕಾಯುವುದೂ ಅವನೇ. ಮಕ್ಕಳು ಕಾರ್ಡ್ ತೋರಿಸಬೇಕು, ಯಂತ್ರದಲ್ಲಿ ಹಸಿರು ದೀಪ ಬಂದರೆ ಒಳಗೆ. ಹದಿಮೂರು ತುಂಬಿರಬೇಕು, ಹದಿನೆಂಟು ತುಂಬಿರಬಾರದು. ಹದಿನೆಂಟು ತುಂಬಿದ ದಿನ ಬೆಳಗಿನಿಂದಲೇ ಕೆಂಪು ದೀಪ.

ಆ ಮಕ್ಕಳ ವಿಷಯ ಅವನಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ಯಾರಿಗೆ ಐಸ್ ಬೇಡ, ಯಾರು ಅಮ್ಮನ ಜೊತೆ ಜಗಳವಾಡಿ ಬಂದಿದ್ದಾರೆ, ಯಾವಳಿಗೆ ಕಡಲೆಬೀಜ ತಿಂದರೆ ಮೈ ತುರಿಸುತ್ತದೆ, ಎಲ್ಲ ಎರಡೇ ದಿನದಲ್ಲಿ ಬಾಯಿಪಾಠ. ಸ್ವಂತ ಮಗಳಿಗೆ ಹಾಲು ಆಗದು ಎಂದು ತಿಳಿದದ್ದು ಮಾತ್ರ ಕೊನೆಯ ಸಲ ಮನೆಗೆ ಬಂದವನು ಆಸೆಯಿಂದ ಕಾಯಿಸಿ ಕಾಯಿಸಿ ಶಾವಿಗೆ ಪಾಯಸ ಮಾಡಿಟ್ಟ ದಿನ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಬೈಯೋಣವೆಂದರೆ ಬಾಯಿ ಬರುವುದಿಲ್ಲ. ಆ ಉಪಕಾರದ ಸಂಬಳದಲ್ಲೇ ಮುಂಬಯಿಯ ಆಂಟಾಪ್ ಹಿಲ್‌ನ ಮನೆ ನಡೆದದ್ದು, ಮಕ್ಕಳು ಓದಿದ್ದು.

ಯಕ್ಷಿತಾ ಎಂಟು ವರ್ಷದವಳಿದ್ದಾಗ ಒಮ್ಮೆ ಅಪ್ಪನ ಫೋನಿನಲ್ಲಿ ಕ್ಲಬ್ಬಿನ ಫೋಟೋ ನೋಡಿದಳು. ನೀಲಿ ನೀರು, ಬಣ್ಣದ ದೀಪ, ನಗುವ ಹುಡುಗಿಯರು. ತಾನೂ ಬರುತ್ತೇನೆಂದು ಹಟ ಹಿಡಿದಳು. ಸದಾನಂದ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹದಿಮೂರು ತುಂಬಲಿ ಮಗಾ, ಹದಿಮೂರರಿಂದ ಹದಿನೇಳರ ಒಳಗೆ ಯಾವಾಗ ಬೇಕಾದರೂ ಕರೆದುಕೊಂಡು ಹೋಗುತ್ತೇನೆ ಎಂದ. ಮಾರನೆಯ ವರ್ಷ ಅವನು ಬರುವಷ್ಟರಲ್ಲಿ ಹುಡುಗಿ ಈಜು ಕಲಿತಿದ್ದಳು.

ಆಮೇಲೆ ಆ ಮಾತು ಪ್ರತಿ ಕಾಂಟ್ರಾಕ್ಟಿಗೂ ಒಂದೊಂದು ಹೆಜ್ಜೆ ಮುಂದೆ ಹೋಯಿತು. ಕೊರೋನಾ ಬಂತು. ರಜೆ ಸಿಗಲಿಲ್ಲ. ಮಗಳಿಗೆ ಹತ್ತನೇ ಕ್ಲಾಸು. ಹೀಗೆ ಹೇಳಲು ಪ್ರತಿ ವರ್ಷ ಒಂದು ಕಾರಣವಿತ್ತು, ಪ್ರತಿ ಕಾರಣವೂ ನಿಜವೇ ಆಗಿತ್ತು.

ಕಳೆದ ನವೆಂಬರಿನಲ್ಲಿ, ಹತ್ತೊಂಬತ್ತನೇ ಕಾಂಟ್ರಾಕ್ಟ್ ಮುಗಿಸಿ, ಮಂಡಿ ಸವೆದು ಅವನು ಮನೆಗೇ ಬಂದುಬಿಟ್ಟ. ಇನ್ನು ಹಡಗಿಲ್ಲ. ಮಕ್ಕಳು ಅವನನ್ನು ಚೆನ್ನಾಗಿಯೇ ನೋಡಿಕೊಂಡರು. ಅವನು ಒಳಗೆ ಬಂದರೆ ಹಿತೇಶ್ ಕುರ್ಚಿ ಬಿಟ್ಟುಕೊಡುತ್ತಿದ್ದ, ಯಕ್ಷಿತಾ ಕಿವಿಯಿಂದ ಇಯರ್‌ಫೋನ್ ತೆಗೆದು ಏನು ಬೇಕೆಂದು ಕೇಳುತ್ತಿದ್ದಳು. ಅಮ್ಮನ ಜೊತೆ ಕಿತ್ತಾಡುವ ಹಾಗೆ ಅವನ ಜೊತೆ ಒಂದು ದಿನವೂ ಕಿತ್ತಾಡಲಿಲ್ಲ. ಗಿರಾಕಿಗಳನ್ನು ನೋಡಿಕೊಂಡು ಜನ್ಮ ಕಳೆದ ಮನುಷ್ಯನಿಗೆ ಅದು ಅರ್ಥವಾಗದೆ ಇರುತ್ತದೆಯೇ? ತನ್ನ ಮನೆಯಲ್ಲಿ ಅವನೇ ಗಿರಾಕಿಯಾಗಿದ್ದ.

ಆಗ ಅವನು ಬೆರಳು ಮಡಚಿ ಲೆಕ್ಕ ಹಾಕಿದ. ಹತ್ತೊಂಬತ್ತರಲ್ಲಿ ಎರಡು ಕಳೆದರೆ ಮಗಳಿಗೆ ಹದಿನೇಳು. ಮುಂದಿನ ಅಕ್ಟೋಬರಿಗೆ ಹದಿನೆಂಟಾಗುತ್ತದೆ. ಮಾರ್ಚಿನಲ್ಲಿ ಅವಳ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಮುಗಿಯುತ್ತದೆ, ಮೇ ತಿಂಗಳು ಖಾಲಿ. ಕೊಟ್ಟ ಮಾತು ಉಳಿಸಿಕೊಳ್ಳಲು ಇದೊಂದೇ ಮೇ ತಿಂಗಳಿದೆ. ಒಂದು ವಾರ ಆ ಹುಡುಗಿ ತನ್ನ ಕಣ್ಣೆದುರು ಮಗುವಾಗಿ ಇದ್ದುಬಿಡಲಿ, ತಾನು ಕೌಂಟರಿನ ಹಿಂದೆ ಅಲ್ಲದೆ ಈಚೆ ಕಡೆ ಅಪ್ಪನಾಗಿ ನಿಂತು ನೋಡಬೇಕು. ಅವನಿಗೆ ಬೇಕಾದದ್ದು ಇಷ್ಟೇ.

ಹಡಗಿನ ಟಿಕೆಟ್ ಮಾಡಿಸುವ ಶಶಿಕಾಂತನ ಆಫೀಸು ಫೋರ್ಟಿನಲ್ಲೇ, ಮಾವನ ಹೋಟೆಲಿದ್ದ ಗಲ್ಲಿಯ ಹಿಂದೆ. ಅವನೂ ಹಿಂದೆ ಆರು ಕಾಂಟ್ರಾಕ್ಟ್ ಮಾಡಿದವನೇ. ಹಾಗಾಗಿ ಇಬ್ಬರೂ ಕಂಪನಿಗಳನ್ನು ಹೆಸರಿನಿಂದಲ್ಲ, ಹಡಗಿನ ಚಿಮಣಿಯ ಬಣ್ಣದಿಂದ ಗುರುತಿಸಿ ಮಾತಾಡಿದರು.

"ಬಿಳಿ ಚಿಮಣಿ ಇಲ್ಲೇ ಮುಂಬಯಿಂದ ಹೊರಡ್ತದೆ ಸದಣ್ಣ. ಗೋವಾ, ಲಕ್ಷದ್ವೀಪ. ಪಾಸ್‌ಪೋರ್ಟಿನ ತಲೆಬಿಸಿ ಇಲ್ಲ."

"ಬೇಡ ಮಾರಾಯ. ಅದ್ರಲ್ಲಿ ಮಕ್ಳ ಕೋಣೆ ಅಂದ್ರೆ ಬಲೂನು, ಜಾರುಬಂಡಿ. ನಮ್ಮವ್ರು ದೊಡ್ಡ ಮಕ್ಳು."

"ಹಾಗಾದ್ರೆ ನಿಮ್ದೇ ಕೆಂಪು ಚಿಮಣಿ? ಎಲ್ಲ ಗುರ್ತದವ್ರೇ. ರಾಜೋಪಚಾರ ಮಾಡ್ತಾರೆ."

ಹೋಗುವುದಾದರೆ ಯಾವ ಹಡಗಿಗೆ ಎಂದು ಸದಾನಂದ ಮಾತಿಗೆಂಬಂತೆ ಕೇಳಿದಾಗ ಮನೆಯಲ್ಲಿ ವಸಂತಿ ಹೇಳಿದ್ದೂ ಅದನ್ನೇ. "ಹ್ವಾಯ್, ನಂಗೆ ನೀವಿದ್ದ ಹಡ್ಗೇ ಸಾಕ್. ಇಷ್ಟ್ ವರ್ಷ ಎಲ್ಲ್ ಮಲಗ್ತಿದ್ರಿ ಅಂದೇಳಿ ಒಂದ್ಸಲ ಕಾಣ್ಕ್." ಆದರೆ ಅಲ್ಲಿ ಹೋದರೆ ಹಳೆಯ ಮೇಲಧಿಕಾರಿ ಚೀಫ್ ಬಂದ ಕೂಡಲೇ ತಾನು ಎದ್ದು ನಿಲ್ಲುತ್ತೇನೆ, ಯಾರದೋ ಟೇಬಲ್ಲಿನ ಖಾಲಿ ಗ್ಲಾಸಿಗೆ ಕೈ ತಾನಾಗಿ ಹೋಗುತ್ತದೆ. ಮಕ್ಕಳು ಅದನ್ನು ನೋಡುವುದು ಬೇಡ. ಅಲ್ಲದೆ ಎಷ್ಟೇ ಅಭಿಮಾನವಿದ್ದರೂ ಅವನಿಗೆ ಸತ್ಯ ಗೊತ್ತಿತ್ತು. ಟೀನ್ ಕ್ಲಬ್ ಅಂದರೆ ಸಿಂಗಾಪುರದಿಂದ ಹೊರಡುವ ನೀಲಿ ಚಿಮಣಿಯವರದ್ದು. ಇಡೀ ಒಂದು ಡೆಕ್ಕನ್ನೇ ಮಕ್ಕಳಿಗೆ ಬಿಟ್ಟುಕೊಟ್ಟಿದ್ದಾರೆ. ಎದುರಾಳಿ ಹೋಟೆಲಿನ ಅಡುಗೆ ಚೆನ್ನಾಗಿದೆ ಎಂದು ಒಪ್ಪಿಕೊಳ್ಳುವ ಭಟ್ಟರ ಹಾಗೆ ಮುಖ ಮಾಡಿಕೊಂಡು, "ನೀಲಿ," ಎಂದ.

ಶಶಿಕಾಂತ ಫಾರ್ಮು ತೆಗೆದ. ಪಾಸ್‌ಪೋರ್ಟ್ ಆಮೇಲೆ ತಂದರಾಯಿತು, ಸದ್ಯಕ್ಕೆ ಹೆಸರು, ವಯಸ್ಸು ಹೇಳಿ ಎಂದ.

"ಯಕ್ಷಿತಾ, ಹದಿನೇಳು. ಹಿತೇಶ್, ಹದಿನಾಲ್ಕು," ಎಂದು ಸದಾನಂದ ಒಂದೇ ಉಸಿರಿಗೆ ಹೇಳಿದ.

ಮನೆಯಲ್ಲಿ ವಿಷಯ ಬಿಚ್ಚಿದ್ದು ಭಾನುವಾರ ಮಧ್ಯಾಹ್ನದ ಊಟಕ್ಕೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ವಸಂತಿ ವಿಕ್ರೋಳಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುವವಳು, ನಾಲ್ವರೂ ಒಟ್ಟಿಗೆ ಕೂತು ಉಣ್ಣುವುದು ಆ ಒಂದೇ ದಿನ. ಸದಾನಂದ ತಟ್ಟೆಗಳ ನಡುವೆ ಜಾಗ ಮಾಡಿ ಹಡಗಿನ ಬಣ್ಣದ ಪುಸ್ತಕ ಬಿಡಿಸಿಟ್ಟ.

"ಕಾಣಿ ಮಕ್ಳೆ, ಈ ಡೆಕ್ಕಿಗೆ ದೊಡ್ಡವ್ರಿಗೆ ಎಂಟ್ರಿಯೇ ಇಲ್ಲೆ. ನಿಮ್ಮಮ್ಮ ಬಂದ್ರೂ ಹೊರ್ಗೇ ನಿಲ್ಕ್."

"ಸಚ್ಚೀ?" ಹಿತೇಶ್ ಪುಸ್ತಕ ಎಳೆದುಕೊಂಡ. "ಪಪ್ಪ, ವೈಫೈ ಫ್ರೀ ಇದ್ಯಾ?"

ಯಕ್ಷಿತಾ ಕತ್ತು ಚಾಚಿ ಈಜುಕೊಳದ ಚಿತ್ರ ನೋಡಿದಳು. ಅವಳ ಮುಖದಲ್ಲಿ ಎಂಟು ವರ್ಷದ ಹುಡುಗಿ ಒಂದು ಕ್ಷಣ ಬಂದು ಹೋದ ಹಾಗಾಯಿತು. ಅದನ್ನು ಕಂಡು ಸದಾನಂದನಿಗೆ ಖುಷಿ ತಡೆಯಲಾಗಲಿಲ್ಲ, ಮಾತಿನ ಮೇಲೆ ಮಾತು ಬಂತು. ಟೀನ್ ಕ್ಲಬ್ಬಿನ ಕತೆ ಹೇಳತೊಡಗಿದ.

"ಒಂದ್ ಹೆಣ್ಣ್ ಇದ್ದಿತ್ತ್, ಕೆನಡಾದ್ದ್. ಐದ್ ದಿನ ದಿನಾ ಬಂತ್. ಆರನೇ ದಿನ ಕಾರ್ಡ್ ತೋರ್ಸ್ರೆ ಕೆಂಪ್ ದೀಪ! ಅವತ್ತೇ ಹದ್ನೆಂಟ್ ತುಂಬಿದ್ದ್. ಒಳ್ಗೆ ಗೆಳ್ತಿಯರೆಲ್ಲ ಕುಣೀತಿದ್ರ್, ಇದ್ ಬಾಗ್ಲಲ್ಲಿ ಗೊಳೋ ಅಂದೇಳಿ ಅಳುಕೆ ಶುರು ಮಾಡ್ತ್. ನಾ ಎಂತ ಮಾಡುದ್? ರೂಲ್ಸ್ ರೂಲ್ಸೇ. ಕಂಪನಿ ಕಲ್ಸಿದ ಹಾಂಗೆ ಕೈ ಕುಲುಕಿ ಹೇಳ್ದೆ, ಕಂಗ್ರಾಚುಲೇಷನ್ಸ್ ಮಿಸ್, ಇನ್ ನೀವ್ ದೊಡ್ಡವ್ರಾದ್ರಿ ಅಂದೇಳಿ."

ಹೇಳಿ ತಾನೇ ನಕ್ಕ. ಯಾರೂ ನಗಲಿಲ್ಲ. ವಸಂತಿ ಸಾರಿನ ಸೌಟನ್ನು ಪಾತ್ರೆಯೊಳಗೆ ಮೆಲ್ಲಗೆ ಇಟ್ಟಳು.

"ಹ್ವಾಯ್, ನಮ್ ಹೆಣ್ಣಿಗೆ ಎಷ್ಟ್ ವರ್ಷ ಅಂದೇಳಿ ಬರ್ಸಿರಿ?"

"ಹದ್ನೇಳ್. ಮತ್ತೆಷ್ಟ್?"

ಹಿತೇಶ್ ಅಕ್ಕನ ಮುಖ ನೋಡಿ, ಅಪ್ಪನ ಮುಖ ನೋಡಿ, "ಪಪ್ಪ, ದೀದಿ ಅಕ್ಟೋಬರಲ್ಲೇ ಏಟೀನ್ ಹೋ ಗಯೀ," ಎಂದ. "ವೋಟರ್ ಕಾರ್ಡ್ ಕಾ ಫಾರ್ಮ್ ಭೀ ತುಂಬಿದ್ಲು."

ಸದಾನಂದ ಒಪ್ಪಲಿಲ್ಲ. ಎಂಜಲು ಕೈಯ ಬೆರಳುಗಳನ್ನೇ ಮಡಚಿ ಜೋರಾಗಿ ಎಣಿಸಿದ. ಎರಡನೆಯದರಲ್ಲಿ ಹುಟ್ಟಿದ್ದು. ಮೂರು, ನಾಲ್ಕು, ಐದು. ಒಂದೊಂದು ಕಾಂಟ್ರಾಕ್ಟಿಗೂ ಅವನ ಬಳಿ ಒಂದು ಹಡಗಿನ ಹೆಸರಿತ್ತು, ಒಂದು ಸಮುದ್ರವಿತ್ತು. ಎಷ್ಟು ಸಲ ಎಣಿಸಿದರೂ ಹದಿನೇಳೇ ಬಂತು.

"ಪಪ್ಪ," ಎಂದಳು ಯಕ್ಷಿತಾ. ಅವಳ ಕನ್ನಡ ತಡವರಿಸುವ ಕನ್ನಡ, ಒಂದೊಂದೇ ಮಾತು ಹುಡುಕಿ ಜೋಡಿಸಿದಳು. "ಫೋರ್ಟೀನ್ತ್ ಕಾಂಟ್ರಾಕ್ಟ್. ಕೊರೋನಾ ವಾಲಾ. ಅದು ಒಂದು ಅಲ್ಲ. ಅದ್ರಲ್ಲಿ ನಂದು ಎರಡು ಬರ್ತ್‌ಡೇ ಇದೆ."

ಅಪ್ಪನ ಕಾಂಟ್ರಾಕ್ಟುಗಳನ್ನು ಅವಳೂ ಎಣಿಸುತ್ತ ಬೆಳೆದಿದ್ದಳು. ಅದು ಅವನಿಗೆ ಗೊತ್ತೇ ಇರಲಿಲ್ಲ.

ಹದಿನಾಲ್ಕನೆಯದು. ಸೆಪ್ಟೆಂಬರಿನಲ್ಲಿ ಹಡಗು ಹತ್ತಿದವನು ಮನೆಗೆ ಬಂದದ್ದು ಮರುವರ್ಷದ ಡಿಸೆಂಬರಿಗೆ. ಪ್ರಯಾಣಿಕರನ್ನೆಲ್ಲ ಇಳಿಸಿ ಹಡಗು ದೂರದ ಯಾವುದೋ ಬಂದರಿನಾಚೆ ಲಂಗರು ಹಾಕಿತ್ತು, ಕಾಯಲು ಉಳಿಸಿಕೊಂಡವರಲ್ಲಿ ಇವನೂ ಒಬ್ಬ. ಖಾಲಿ ಕ್ಲಬ್ಬಿನ ನೆಲ ಒರೆಸುವುದು, ಯಾರೂ ಬಾರದ ಬಾಗಿಲಿನ ಹಿಡಿ ತಿಕ್ಕುವುದು, ತಿಂಗಳುಗಟ್ಟಲೆ ಅದೇ ಕೆಲಸ. ದಿನ, ವಾರ, ತಿಂಗಳು ಎಲ್ಲ ಕಲಸಿಹೋಗಿತ್ತು. ಬಾಳಿನಲ್ಲಿ ಅವನು ಮರೆಯಲು ಪ್ರಯತ್ನಪಟ್ಟ ಕಾಂಟ್ರಾಕ್ಟ್ ಅದೊಂದೇ, ಒಂದೆಂದು ಎಣಿಸಿ ಮುಗಿಸಿದ್ದ.

"ಸೆಕೆಂಡ್ ವಾಲಾ ಬರ್ತ್‌ಡೇ ಥರ್ಟೀನ್," ಎಂದಳು ಯಕ್ಷಿತಾ. "ನೀವು ಫೋನ್ ಮಾಡಿದ್ರಿ. ಹ್ಯಾಪಿ ಬರ್ತ್‌ಡೇ ಮಗಾ, ಇನ್ನು ಒಂದೇ ವರ್ಷ, ಮುಂದಿನ ವರ್ಷ ಥರ್ಟೀನ್, ಆಗ ಕರ್ಕೊಂಡು ಹೋಗ್ತೆ ಅಂದ್ರಿ."

"ಹದ್ಮೂರ್ ಆಯ್ತ್ ಅಂದೇಳಿ ನೀ ಹೇಳ್ಲಿಲ್ಯಾ?" ಸದಾನಂದ ಕೇಳಿದ.

"ನೀವು ಅಳ್ತಾ ಇದ್ರಿ ಪಪ್ಪ. ಮೈನೇ ಸೋಚಾ, ಇನ್ನೂ ಒಂದು ವರ್ಷ ವೇಟ್ ಮಾಡ್ತೀನಿ. ಓಕೆ ಪಪ್ಪ, ನೆಕ್ಸ್ಟ್ ಇಯರ್ ಅಂದೆ."

ಹದಿಮೂರರ ಹುಡುಗಿ, ಫೋನ್ ಕೈಯಲ್ಲಿ ಹಿಡಿದು, ತನ್ನ ವಯಸ್ಸಿನಿಂದ ಒಂದು ವರ್ಷ ತೆಗೆದು ಅಪ್ಪನಿಗೆ ಕೊಟ್ಟಿದ್ದಳು. ಅವನು ಅದನ್ನು ಇಟ್ಟುಕೊಂಡು ಇಷ್ಟು ವರ್ಷ ತಿರುಗಿದ್ದ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ. ಇವನು ಮಗಳ ಕೈಹಿಡಿದು ಬಾಗಿಲವರೆಗೆ ಕರೆತರಹೊರಟದ್ದು ಅದು ಮುಚ್ಚಿ ಏಳು ತಿಂಗಳಾಗುವ ಹೊತ್ತಿಗೆ. ಇದನ್ನು ನೆನೆದರೆ ಈ ಕತೆ ಹೇಳುವ ನನಗೆ ಅವನ ಮೇಲೆ ಸಿಟ್ಟೂ ಬರುತ್ತದೆ, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಗುತ್ತದೆ.

ಪುಸ್ತಕದ ಅಂಚಿಗೆ ಮೀನಿನ ಸಾರು ಹತ್ತಿತ್ತು. ವಸಂತಿ ಅದನ್ನು ಸೆರಗಿನಿಂದ ಒರೆಸುತ್ತ, "ಮೊದ್ಲೇ ನನ್ನ ಹತ್ರ ಒಂದ್ ಮಾತ್ ಕೇಂಬುಕಾಗ್ದಾ," ಎಂದಳು. ಬೈಗುಳವೆಂದು ಶುರುವಾದ ಮಾತು ಅರ್ಧದಲ್ಲೇ ಮೆತ್ತಗಾಯಿತು. ಹಿತೇಶ್ ತನಗೆ ಹಡಗು ಬೇಡವೇ ಬೇಡ, ಬೋರಿಂಗ್ ಎಂದ. ಅಲ್ಲಿಯವರೆಗೆ ವೈಫೈ ಕೇಳುತ್ತಿದ್ದ ಮಗನೂ ಸುಳ್ಳು ಹೇಳಲು ಕಲಿತಿದ್ದನ್ನು ಕಂಡು ಸದಾನಂದ ತಲೆ ತಗ್ಗಿಸಿದ.

ಯಕ್ಷಿತಾ ಎದ್ದು ಕೈ ತೊಳೆದು ಬಂದಳು. ಅಪ್ಪ ಹಾಗೆ ಕೂತಿರುವುದನ್ನು ನೋಡಲಾಗದೆ, ತಮಾಷೆ ಮಾಡಿ ನಗಿಸೋಣವೆಂದು, ಅವನೆದುರು ಬಲಗೈ ಚಾಚಿದಳು.

"ಅರೇ ಪಪ್ಪ, ಆ ಹುಡುಗಿಗೆ ಹೇಳಿದ್ರಲ್ಲ. ನಂಗೂ ಹೇಳಿ."

ವರ್ಷಗಟ್ಟಲೆ ಆ ಬಾಗಿಲಲ್ಲಿ ನಿಂತು ಯಾರುಯಾರದೋ ಮಕ್ಕಳಿಗೆ ನಗುನಗುತ್ತ ಹೇಳಿದ ಮಾತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲ. ಸದಾನಂದ ಬಾಯಿ ತೆರೆದ. ಬರಲಿಲ್ಲ. ಸಾರಿನ ಕೈಯಲ್ಲೇ ಅವಳ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು, ಮಕ್ಕಳ ಕಣ್ಣೆದುರು ಎಂದೂ ಅಳದವನು ಅತ್ತುಬಿಟ್ಟ.

ಯಕ್ಷಿತಾ ಕೈ ಬಿಡಿಸಿಕೊಳ್ಳಲಿಲ್ಲ. ಎಡಗೈಯಿಂದ ಅವನ ಬೆನ್ನು ತಟ್ಟುತ್ತ ನಿಂತಳು.

"ಓಕೆ ಪಪ್ಪ," ಎಂದಳು. "ಓಕೆ."