ಎರಡು ಗೋಲಿಗಳ ಪಂಪು

ಹೋದ ವಾರ ನಮ್ಮ ಬಚ್ಚಲುಮನೆಯ ಪೈಪು ಸೋರುತ್ತಿದೆ ಎಂದು ಪ್ಲಂಬರ್ ಬಂದಿದ್ದ. ಸೋರುವ ಕಡೆ ಕತ್ತರಿಸಿ ತೆಗೆದು, ಹೊಸ ತುಂಡಿಗೆ ಪೈಪು ಅಂಟಿಸುವ ಸಲ್ಯೂಷನ್ ಹಚ್ಚಿದ. ಆ ವಾಸನೆ ನಿಮಗೂ ಗೊತ್ತಿರುತ್ತದೆ. ಹೆಚ್ಚು ಹಣ್ಣಾದ ಅನಾನಸ್ಸಿಗೆ ಸೀಮೆಎಣ್ಣೆ ಬೆರೆಸಿದ ಹಾಗಿರುತ್ತದೆ. ಮಗಳು, ಅಳಿಯ, ಮೊಮ್ಮಗಳು ಮೂವರೂ ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಓಡಿದರು. ನಾನು ಮಾತ್ರ ಬಚ್ಚಲ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತೆ.

"ಆಂಟಿ, ತಲೆ ಸುತ್ತುತ್ತೆ. ಆ ಕಡೆ ಹೋಗಿ" ಎಂದ ಪ್ಲಂಬರ್.

"ಸುತ್ತಲಿ ಬಿಡಪ್ಪ. ಕಾಸು ಕೊಟ್ಟು ಸುತ್ತಿಸ್ಕೊಳ್ಳೋರೂ ಇದಾರೆ" ಎಂದೆ.

ನಿಜಕ್ಕೂ ಸುತ್ತಿತು. ಕಣ್ಣು ಮುಚ್ಚಿದೆ. ಜೆ.ಪಿ. ನಗರದ ಮೂರನೆಯ ಮಹಡಿಯ ಬಚ್ಚಲು ಮೆಲ್ಲನೆ ಕರಗಿ, ತಲಘಟ್ಟಪುರದ ಕೆರೆ ಬದಿಯ ಬಾವಿಕಟ್ಟೆಯಾಯಿತು. ಕೊತ್ತಂಬರಿಯ ಮೇಲೆ ಏರೋಪ್ಲೇನ್ ಚಿಟ್ಟೆಗಳು ನಿಂತಲ್ಲೇ ನಿಂತು ರೆಕ್ಕೆ ಬಡಿಯುತ್ತಿದ್ದವು. ಒದ್ದೆ ಮಣ್ಣು, ಸಬ್ಬಸಿಗೆ ಸೊಪ್ಪು, ಅದರ ನಡುವೆ ಈ ಸಲ್ಯೂಷನ್ನಿನ ಘಾಟು. ನನ್ನ ಹೊಟ್ಟೆಯೊಳಗೆ ಮಗು. ಈಗ ಬಾಲ್ಕನಿಯಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದಾಳಲ್ಲ, ಅವಳೇ.

ಇದನ್ನೆಲ್ಲ ಫೋನಿನಲ್ಲಿ ನಾನೇ ಟೈಪ್ ಮಾಡುತ್ತಿದ್ದೇನೆ. ಮೊಮ್ಮಗಳು ಮೊನ್ನೆಮೊನ್ನೆಯಷ್ಟೇ ಕಲಿಸಿದಳು. ನನ್ನ ಹೆಬ್ಬೆರಳು ಒಂದು ಅಕ್ಷರ ಮುಟ್ಟಲು ಹೋಗಿ ಅದರ ಅಕ್ಕಪಕ್ಕದ ಮನೆಯವರನ್ನೂ ಎಬ್ಬಿಸಿಬಿಡುತ್ತದೆ. ಅರ್ಧ ಪುಟ ಬರೆದು ಒಮ್ಮೆ ಏನೋ ಮುಟ್ಟಿದೆ, ಎಲ್ಲ ಮಾಯ. ನೀವು ಓದುತ್ತಿರುವುದು ಹಾಗೆ ಸತ್ತು ಬದುಕಿದ ಬರಹ. ನಿಧಾನವಾಗಿ ಓದಿ, ನಾನೂ ನಿಧಾನವಾಗಿಯೇ ಬರೆದಿದ್ದೇನೆ.

ಜಯಕ್ಕ ನಮ್ಮ ಯಜಮಾನರ ಅಕ್ಕ. ಗಂಡ ತೀರಿಕೊಂಡ ಮೇಲೆ ಚಿಕ್ಕ ವಯಸ್ಸಿನಲ್ಲೇ ತವರಿಗೆ ಬಂದವರು. ಕೆರೆ ಬದಿಯ ಒಂದು ತುಂಡು ನೆಲದಲ್ಲಿ ಸೊಪ್ಪಿನ ಪಾತಿ ಮಾಡಿಕೊಂಡಿದ್ದರು. ಪಕ್ಕದಲ್ಲೇ ಆಳವಿಲ್ಲದ ಒಂದು ತೆರೆದ ಬಾವಿ. ಬೆಳಗ್ಗೆ ಬಿಂದಿಗೆಯಲ್ಲಿ ನೀರು ಸೇದಿ ಪಾತಿಗೆ ಹುಯ್ಯುವುದು, ಸೊಪ್ಪು ಕಿತ್ತು ಕಟ್ಟು ಕಟ್ಟುವುದು, ಬುಟ್ಟಿ ಹೊತ್ತು ಬನಶಂಕರಿಯ ಬೀದಿಗಳಲ್ಲಿ ಕೂಗಿ ಮಾರುವುದು. ಅವರ "ಸೊಪ್ಪೋ" ಎನ್ನುವ ಕೂಗಿಗೆ ನಾಯಿಗಳು ಎದ್ದು ನಿಂತು ಮರ್ಯಾದೆ ಕೊಡುತ್ತಿದ್ದವಂತೆ. ಹಾಗೆಂದವರು ಅವರೇ.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅವರಲ್ಲಿ ಒಂದು ವಿಚಿತ್ರ ಕಂಡೆ. ಸೊಪ್ಪು ಮಾರಿ ಬಂದ ದಿನ ಜಯಕ್ಕ ಎಲ್ಲರಿಗಿಂತ ಮೊದಲು ಊಟಕ್ಕೆ ಕೂರುತ್ತಿದ್ದರು, ಗಂಡಸರಿಗಿಂತಲೂ ಮೊದಲು. ಮಾರದ ದಿನ ಎಲ್ಲರದೂ ಆದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ.

"ಯಾರಾದ್ರೂ ಹಾಗೆ ಹೇಳಿದಾರಾ ಜಯಕ್ಕ?" ಎಂದು ಕೇಳಿದ್ದೆ.

"ಯಾರೂ ಹೇಳಿಲ್ಲ ಕಣೇ. ಹೇಳೋ ತನಕ ಯಾಕೆ ಬಿಡ್ಬೇಕು?"

ನಾನು ಬಸುರಿಯಾದ ವರ್ಷ ಬಾವಿಕಟ್ಟೆಯ ಪಾಚಿಯ ಮೇಲೆ ಕಾಲು ಜಾರಿ ಬಿದ್ದು ಅವರ ಬಲಗೈ ಮುರಿಯಿತು. ಮೂಳೆ ಕೂಡಿತು, ಆದರೆ ಕೈ ಸೊಂಟದಿಂದ ಮೇಲೆ ಏಳಲಿಲ್ಲ. ಬಿಂದಿಗೆ ಸೇದುವುದು ನಿಂತಿತು. ಸ್ವಲ್ಪ ದಿನ ನಾನು ಸೇದಿದೆ. ಆಮೇಲೆ ನನ್ನ ಹೊಟ್ಟೆ ಬಿಂದಿಗೆಗಿಂತ ದೊಡ್ಡದಾಯಿತು. ಸೊಪ್ಪು ಬಾಡಿತು. ಜಯಕ್ಕ ದಿನಾ ಮೂಲೆಯಲ್ಲೇ ಊಟಕ್ಕೆ ಕೂರತೊಡಗಿದರು. ಬಡಿಸಲು ಹೋದರೆ "ಸಾಕು, ಸಾಕು" ಎಂದು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಸೊಪ್ಪಿನ ಹೆಂಗಸಿನ ಆ ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ಸ್ವರ ಬರುವುದನ್ನು ನಾನು ಕೇಳಿರಲಿಲ್ಲ.

ನಮ್ಮ ಭಾವ, ಅಂದರೆ ಮನೆಗೆ ಹಿರಿಯಣ್ಣ, ಕೆಟ್ಟವರಲ್ಲ. ಲೆಕ್ಕಾಚಾರದವರು. "ನೀರು ಸೇದೋರಿಲ್ಲ ಅಂದ್ಮೇಲೆ ಆ ಜಾಗ ಖಾಲಿ ಯಾಕೆ ಬಿಡೋದು ಜಯ? ಜಲ್ಲಿ, ಮರಳು ರಾಶಿ ಹಾಕೋಕೆ ಒಬ್ಬ ಕೇಳ್ತಾವ್ನೆ. ಯುಗಾದಿ ಕಳೀಲಿ, ಕೊಟ್ಬಿಡ್ತೀನಿ" ಎಂದರು. ಜಯಕ್ಕ "ಹ್ಞೂಂ ಅಣ್ಣ" ಎಂದರು. ಅಷ್ಟೇ.

ನನಗೆ ತಡೆಯಲಾಗಲಿಲ್ಲ. ನಮ್ಮ ಯಜಮಾನರಿಗೆ ಕನಕಪುರ ರಸ್ತೆಯಲ್ಲಿ ಒಂದು ಸೈಕಲ್ ಅಂಗಡಿಯಿತ್ತು. ಪಕ್ಕದಲ್ಲಿ ಗೋಲಿ ಸೋಡಾದವನು. ನಾನು ಬಸುರಿಯ ಬಯಕೆ ಎಂಬ ಹೆಸರಿನಲ್ಲಿ ದಿನಾ ಅಲ್ಲಿ ಹೋಗಿ ಒಂದು ಸೋಡಾ ಕುಡಿಯುತ್ತಿದ್ದೆ. ಬಯಕೆ ನಿಜವೋ ಸುಳ್ಳೋ ಎಂದು ಇವತ್ತಿಗೂ ಹೇಳಲಾರೆ. ಒಂದು ಮಧ್ಯಾಹ್ನ ಸೀಸೆಯ ಕುತ್ತಿಗೆಯಲ್ಲಿ ಗೋಲಿ ಉರುಳುವುದನ್ನೇ ನೋಡುತ್ತಾ ಕೂತಿದ್ದೆ. ಈ ಕಡೆ ವಾಲಿಸಿದರೆ ಸೋಡಾ ಬರುತ್ತದೆ, ಆ ಕಡೆ ವಾಲಿಸಿದರೆ ಗೋಲಿ ಅಡ್ಡ ಕೂತು ಬಿಡುವುದಿಲ್ಲ. ಪಕ್ಕದಲ್ಲಿ ನಮ್ಮವರು ಯಾರದೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು. ಅರೆನಿದ್ದೆಯಲ್ಲಿ ನನಗೆ ಸೋಡಾ ಸೀಸೆಯೂ ಗಾಳಿ ಪಂಪೂ ಒಂದರೊಳಗೊಂದು ಸೇರಿಕೊಂಡ ಹಾಗೆ ಕಂಡಿತು.

"ರೀ, ಗಾಳಿ ಹೊಡೆಯೋ ಪಂಪು ಒಳಗೆ ತಳ್ಳುತ್ತೆ. ಅದೇ ನೀರನ್ನ ಮೇಲಕ್ಕೆ ಎಳೆಯೋ ಹಾಗೆ ಮಾಡಕ್ಕಾಗಲ್ವಾ? ಮಧ್ಯೆ ಗೋಲಿ ಇಟ್ಟು?"

ನಮ್ಮವರು ಕೈಯಲ್ಲಿದ್ದ ಪಂಪನ್ನು ನೋಡಿದರು, ನನ್ನನ್ನು ನೋಡಿದರು. "ಬಸುರಿ ಹೆಂಗಸ್ರು ಮಾವಿನಕಾಯಿ ಕೇಳ್ತಾರೆ. ನನ್ನ ಹಣೇಬರಹ, ಇವಳು ಬೋರ್‌ವೆಲ್ ಕೇಳ್ತಾಳೆ" ಎಂದರು. ಅಂದರೂ ಅವತ್ತೇ ಸಂಜೆ ಒಂದು ಉದ್ದದ ಪಿ.ವಿ.ಸಿ. ಪೈಪು ಹೆಗಲ ಮೇಲಿಟ್ಟುಕೊಂಡು ಬಂದರು.

ಪಂಪು ಬಹಳ ಸರಳ, ಹೇಳುತ್ತೇನೆ ಕೇಳಿ. ಪೈಪಿನ ತಳದಲ್ಲಿ ಒಂದು ತೂತು, ತೂತಿನ ಮೇಲೊಂದು ಗೋಲಿ. ಪೈಪಿನೊಳಗೆ ಕಬ್ಬಿಣದ ಸರಳು, ಅದರ ತುದಿಯಲ್ಲಿ ತೂತಿರುವ ಮರದ ಬಿಲ್ಲೆ, ಅದರ ಮೇಲೆ ಇನ್ನೊಂದು ಗೋಲಿ. ಗೋಲಿಗಳು ಓಡಿಹೋಗದ ಹಾಗೆ ಸೈಕಲ್ ಕಡ್ಡಿ ಬಗ್ಗಿಸಿ ಪಂಜರ. ಸರಳು ಎಳೆದರೆ ಕೆಳಗಿನ ಗೋಲಿ ಎದ್ದು ನೀರನ್ನು ಒಳಗೆ ಬಿಡುತ್ತದೆ. ತಳ್ಳಿದರೆ ಅದು ಕೂತು, ಮೇಲಿನದು ಏಳುತ್ತದೆ. ಒಬ್ಬಳು ಏಳುವಾಗ ಇನ್ನೊಬ್ಬಳು ಕೂರಬೇಕು, ಅತ್ತೆ ಸೊಸೆಯರಿದ್ದ ಹಾಗೆ. ಇಬ್ಬರೂ ಒಟ್ಟಿಗೆ ಎದ್ದರೆ ಮನೆಯಲ್ಲಿ ನೀರು ನಿಲ್ಲುವುದಿಲ್ಲ. ಮೇಲ್ಗಡೆ ನೀರು ಬೀಳಲು ಒಂದು ತುಂಡು ಪೈಪನ್ನು ಸಲ್ಯೂಷನ್ ಹಚ್ಚಿ ಅಂಟಿಸಿದೆವು. ಹಿಡಿಕೆಗೆ ಗುಜರಿ ಸೈಕಲ್ಲಿನ ಹ್ಯಾಂಡಲ್ ಹಾಕಿದೆವು. ಜಯಕ್ಕನ ಸೊಂಟದ ಎತ್ತರಕ್ಕೆ ಅಳತೆ ಮಾಡಿ ನಿಲ್ಲಿಸಿದೆವು. ಅದರಲ್ಲಿದ್ದ ಬೆಲ್ಲನ್ನು ಬಿಚ್ಚಲು ನಾನು ಬಿಡಲಿಲ್ಲ.

ತೊಡಕು ಬಂದದ್ದು ಬಿಲ್ಲೆಯ ಸುತ್ತ ಹಾಕುವ ವಾಷರ್ ವಿಷಯಕ್ಕೆ. ಬಿಗಿಯಾಗಿ ಕೂರದಿದ್ದರೆ ನೀರು ಪಕ್ಕದಿಂದ ಜಾರುತ್ತದೆ. ಚರ್ಮ ಒಳ್ಳೆಯದು ಎಂದರು ನಮ್ಮವರು.

ಜಯಕ್ಕ ಹೌಹಾರಿದರು. "ಚರ್ಮಾನ? ಗಂಗಮ್ಮನ ಬಾಯಿಗೆ ಚರ್ಮ ಹಾಕ್ತೀಯೇನೋ?"

"ಹಂಗಾದ್ರೆ ಟೈರ್ ಕುಯ್ದು ಹಾಕ್ತೀನಿ ಬಿಡಕ್ಕ."

"ಟೈರು ಊರಿನ ಸಗಣಿ ಗಲೀಜೆಲ್ಲ ತುಳಿದು ಬಂದಿರತ್ತೆ. ಅದೂ ಬೇಡ."

"ಟ್ಯೂಬು?"

ಜಯಕ್ಕ ಅದನ್ನು ಎಡಗೈಯಲ್ಲಿ ಎತ್ತಿ ಮೂಸಿದರು. "ಟ್ಯೂಬು ಪರವಾಗಿಲ್ಲ. ಅದು ಟೈರೊಳಗೇ ಇರತ್ತೆ, ನೆಲ ಮುಟ್ಟಲ್ಲ. ಮಡೀಲೇ ಇರತ್ತೆ."

ಹೀಗೆ ಲಾರಿಯ ಹಳೆಯ ಟ್ಯೂಬೊಂದು ಮಡಿ ಪರೀಕ್ಷೆಯಲ್ಲಿ ಪಾಸಾಗಿ ಬಾವಿಗೆ ಇಳಿಯಿತು.

ಯುಗಾದಿಯ ಹಿಂದಿನ ಸಂಜೆ ಪೈಪನ್ನು ಬಾವಿಯೊಳಗೆ ನಿಲ್ಲಿಸಿ ಕಟ್ಟಿದೆವು. ಸರಳನ್ನು ಬೆಳಗ್ಗೆ ಇಳಿಸೋಣ ಎಂದು ಕಟ್ಟೆಗೆ ಒರಗಿಸಿ ಬಂದೆವು. ಬೆಳಗ್ಗೆ ಎಣ್ಣೆನೀರು ಮುಗಿಸಿ ಹೋಗಿ ನೋಡಿದರೆ ಪೈಪಿಗೆ ಅರಿಶಿನ, ಕುಂಕುಮ, ಕಣಗಿಲೆ ಹೂವು. ಬುಡದಲ್ಲಿ ಒಡೆದ ತೆಂಗಿನಕಾಯಿ. ಹಿಂದಿನ ಸಂಜೆಯೇ ಜಯಕ್ಕ ಒಬ್ಬರೇ ಹೋಗಿ ಪೂಜೆ ಮಾಡಿದ್ದರು. ನನಗೆ ಕಣ್ಣು ತುಂಬಿತು. ಸರಳು ಇಳಿಸಿದೆವು. ಭಾವ ಹೊಸ ಪಂಚೆಯುಟ್ಟು ನೋಡಲು ಬಂದರು.

ನಮ್ಮವರು ಹ್ಯಾಂಡಲ್ ಹಿಡಿದು ಎಳೆದರು. ಬೆಲ್ಲು ಟ್ರಿಣ್ ಎಂದಿತು. ಪೈಪಿನೊಳಗೆ ನೀರು ಏರುವ ಸದ್ದು ಬಂತು, ಜಾರುವ ಸದ್ದೂ ಬಂತು. ಮತ್ತೆ ಎಳೆದರು. ಟ್ರಿಣ್. ಏರಿತು, ಜಾರಿತು. ನಮ್ಮವರ ಹೊಸ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಬಾಯಿಂದ ಒಂದು ತೊಟ್ಟು ನೀರಿಲ್ಲ.

ಭಾವ ಪೈಪಿನ ಬಾಯಿಗೆ ಅಂಗೈ ಹಿಡಿದು ನೋಡಿದರು. "ಗಾಳಿ ಚೆನ್ನಾಗಿ ಬರ್ತದೆ ಕಣೋ. ಬೇಸಿಗೆಗೆ ಒಳ್ಳೇದು" ಎಂದರು. ಹೊರಡುವಾಗ ತಂಗಿಯ ಮುಖ ನೋಡದೆ, "ನಾಳೆ ಆ ಜಲ್ಲಿಯವ್ನು ಜಾಗ ನೋಡೋಕೆ ಬರ್ತಾನೆ ಜಯ" ಎಂದರು.

ಜಯಕ್ಕ ಬಾಡಿದ ದಂಟಿನ ಗಿಡವೊಂದನ್ನು ಕಿತ್ತು, ಬೇರಿನ ಮಣ್ಣು ಕೊಡವುತ್ತಾ ನಿಂತಿದ್ದರು. ಮಣ್ಣೆಲ್ಲ ಉದುರಿದ ಮೇಲೂ ಕೊಡವುತ್ತಲೇ ಇದ್ದರು.

ಇಡೀ ಪೈಪನ್ನು ಮೇಲೆತ್ತಿ ಬಿಚ್ಚಿದೆವು. ತಳದ ಗೋಲಿಯ ಪಂಜರ ತೆಗೆದು ನಾನು ಬೆರಳು ಹಾಕಿದೆ. ಮೆತ್ತಗೆ ಏನೋ ತಗುಲಿತು. ತೆಗೆದು ನೋಡಿದರೆ ಅಕ್ಕಿ! ಅರಿಶಿನದ ಅಕ್ಷತೆ. ರಾತ್ರಿಯಿಡೀ ನೆನೆದು ಉಬ್ಬಿ, ಗೋಲಿಯ ಸುತ್ತ ಮದುವೆ ಮಂಟಪದ ಹಾಗೆ ಕೂತಿದೆ. ಗೋಲಿಗೆ ಕೂರಲು ಜಾಗವೇ ಇಲ್ಲ.

"ಜಯಕ್ಕ, ಅಕ್ಷತೆ ಎಲ್ಲಿಗೆ ಹಾಕಿದ್ರಿ?"

"ಬಾಯಿಗೆ ಹಾಕ್ದೆ. ಒಂದು ಹಿಡಿ." ಅಂದವರೇ ನನ್ನ ಅಂಗೈ ನೋಡಿದರು. "ಅಯ್ಯೋ ಶಿವನೇ! ಗಂಗಮ್ಮನ ಗಂಟಲಿಗೆ ನಾನೇ ಅನ್ನ ತುರುಕಿಬಿಟ್ನಾ?"

ನಮ್ಮವರು, "ಪುಣ್ಯಕ್ಕೆ ಹೋಳಿಗೆ ಎಡೆ ಇಟ್ಟಿಲ್ವಲ್ಲಕ್ಕ" ಎಂದರು. ಮೊದಲು ನಕ್ಕವರು ಜಯಕ್ಕ. ಕೈ ಮುರಿದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಗುತ್ತಾ ಬಾವಿಕಟ್ಟೆಗೆ ಒರಗಿದರು, ಕಣ್ಣೀರು ಸುರಿಯಿತು. ಒರೆಸಿಕೊಳ್ಳಲು ಬಲಗೈ ಏಳದೆ ನನ್ನ ಸೆರಗನ್ನೇ ಎಳೆದುಕೊಂಡರು.

ತೊಳೆದು, ಮತ್ತೆ ಜೋಡಿಸಿ, ಇಳಿಸುವ ಹೊತ್ತಿಗೆ ಮಧ್ಯಾಹ್ನ. ಮನೆಯಲ್ಲಿ ಹೋಳಿಗೆ ಆರುತ್ತಿತ್ತು. ಈ ಸಲ ಜಯಕ್ಕ ತಾವೇ ಹಿಡಿದರು. ಎಡಗೈ ಭಾರ ಹಾಕಿತು, ಬಲಗೈ ಸುಮ್ಮನೆ ಜೊತೆಗೆ ಹೋಯಿತು. ಟ್ರಿಣ್. ಏರಿತು. ಟ್ರಿಣ್. ಜಾರಲಿಲ್ಲ. ಟ್ರಿಣ್, ಗುಳುಕ್ ಎಂದು ಪೈಪು ಬಿಕ್ಕಿತು. ತೆಳ್ಳಗೆ ಹಳದಿ ನೀರು, ಆಮೇಲೆ ತಿಳಿ ನೀರು, ಆಮೇಲೆ ಬಿಸಿಲು ತುಂಬಿದ ನೀರು. ಕಾಲುವೆಯಲ್ಲಿ ಹರಿದು ಪಾತಿಯ ಬಿರುಕಿಗೆ ಇಳಿಯುವಾಗ ಮಣ್ಣು ಸಣ್ಣಗೆ ಸುಯ್ ಎಂದಿತು. ನಾನು ಹೊಂಗೆಯ ನೆರಳಲ್ಲಿ ಕಾಲು ಚಾಚಿ ಕೂತಿದ್ದೆ. ಬೆಲ್ಲಿನ ತಾಳಕ್ಕೆ ಹೊಟ್ಟೆಯೊಳಗಿನವಳು ಒದೆಯತೊಡಗಿದಳು. ಟ್ರಿಣ್ ಎಂದರೆ ಒಂದು ಒದೆತ. ಆ ಮಧ್ಯಾಹ್ನ ಎಷ್ಟು ಹೊತ್ತು ಇತ್ತೋ ಗೊತ್ತಿಲ್ಲ. ನನಗೆ ಅದು ಇನ್ನೂ ಪೂರ್ತಿ ಮುಗಿದಿಲ್ಲ.

ಮಾರನೆಯ ದಿನ ಭಾವ ಜಲ್ಲಿಯವನ ಜೊತೆ ಬಂದಾಗ ಹೊಸ ಚಪ್ಪಲಿ ಕೆಸರಲ್ಲಿ ಹೂತುಕೊಂಡಿತು. "ಇದೇನು ನೀರು?" ಎಂದರು. ಜಯಕ್ಕ ಹ್ಯಾಂಡಲ್ ಬಿಟ್ಟು ಪಕ್ಕಕ್ಕೆ ಸರಿದರು. ಭಾವ ಅನುಮಾನದಿಂದ ಒಂದು ಸಲ ಎಳೆದರು. ಇನ್ನೊಂದು ಸಲ. ಆಮೇಲೆ ನಿಲ್ಲಿಸಲೇ ಇಲ್ಲ. ಪಂಚೆ ಎತ್ತಿ ಕಟ್ಟಿಕೊಂಡು, ಬೆಲ್ಲು ಬಾರಿಸಿಕೊಂಡು, ಸೈಕಲ್ ಕಲಿಯುವ ಹುಡುಗನ ಹಾಗೆ ನಿಂತಲ್ಲೇ ಎಲ್ಲಿಗೋ ಹೋಗುತ್ತಿದ್ದರು. ಜಲ್ಲಿಯವನು ಕಾದು ಕಾದು, "ಯಜಮಾನ್ರೇ, ನಾನು ಬರ್ಲಾ?" ಎಂದ. "ಹ್ಞಾಂ, ಹೋಗ್ಬಾ" ಎಂದರು ತಿರುಗಿಯೂ ನೋಡದೆ. ಜಲ್ಲಿಯ ಮಾತು ಮತ್ತೆ ಬರಲಿಲ್ಲ. ಸೊಪ್ಪು ಎದ್ದು ಬಂದ ಮೇಲೆ ಒಂದು ಮಧ್ಯಾಹ್ನ ಜಯಕ್ಕ ಖಾಲಿ ಬುಟ್ಟಿ ಇಳಿಸಿ, ನೇರ ನಡುಮನೆಗೆ ಬಂದು ಮಣೆ ಹಾಕಿಕೊಂಡು ಕೂತರು. "ಏನೇ, ಬಡಿಸಲ್ವಾ?" ಎಂದರು, ಆ ಹಳೆಯ ಗಂಟಲಲ್ಲಿ.

"ಆಂಟಿ, ಆಯ್ತು" ಎಂದು ಪ್ಲಂಬರ್ ಎಬ್ಬಿಸಿದ.

ಅವನನ್ನು ಕಳಿಸಿ ಜಯಕ್ಕನಿಗೆ ಫೋನ್ ಮಾಡಿದೆ. ಭಾವ ಈಗಿಲ್ಲ. ಆ ಬಾವಿ ಮುಚ್ಚಿ, ಪಂಪು ಗುಜರಿಗೆ ಹೋಗಿ, ಅಲ್ಲಿ ಭಾವನ ಮಗ ಬಾಡಿಗೆ ಮನೆಗಳನ್ನು ಕಟ್ಟಿದ್ದಾನೆ. ಆದರೆ ಕಾಂಪೌಂಡಿನ ಒಳಗೆ ಒಂದು ಪಟ್ಟಿ ನೆಲ ಜಯಕ್ಕನ ಪಾತಿಯಾಗಿಯೇ ಉಳಿದಿತ್ತು.

"ಏನ್ ಬಿತ್ತಿದೀರಾ ಜಯಕ್ಕ?"

"ಏನೂ ಇಲ್ಲ ಕಣೇ. ಈಗ ಎಡಗೈಯೂ ಮುಷ್ಕರ. ಮಣ್ಣು ಮುಟ್ಬೇಡಿ ಅಂದವ್ರೆ ಡಾಕ್ಟ್ರು. ಬಾಡಿಗೆಯವ್ರ ಬೈಕ್ ನಿಲ್ಸೋಕೆ ಜಾಗ ಸಾಲ್ದು ಅಂತ ಅಣ್ಣನ ಮಗ ಕೇಳ್ತಾವ್ನೆ. ಕಲ್ಲು ಹಾಸ್ಕೋ ಅಂತ ಹೇಳೋಣ ಅಂತಿದೀನಿ."

ಸ್ವರ ಸಣ್ಣದಾಗಿತ್ತು. ಈ ಸ್ವರವನ್ನು ನಾನು ಬಲ್ಲೆ.

"ಹೇಳ್ಬೇಡಿ. ನಾನು ಬರ್ತೀನಿ."

"ಬಂದು ಏನ್ ಮಾಡ್ತೀಯ? ನಿಂಗೆ ಬೆನ್ನು ಬಗ್ಗಲ್ಲ."

"ನಿಮಗೆ ಕೈ ಏಳಲ್ಲ. ಇಬ್ರನ್ನೂ ಸೇರ್ಸಿದ್ರೆ ಒಂದು ಪೂರ್ತಿ ಹೆಂಗಸು ಆಗತ್ತೆ."

ಹಾಗಾಗಿ ಇವತ್ತು ಬೆಳಗ್ಗೆಯಿಂದ ತಲಘಟ್ಟಪುರದಲ್ಲಿದ್ದೇನೆ. ಪಾತಿಯಲ್ಲೇ ಕುಕ್ಕರಗಾಲಲ್ಲಿ ಸರಿಯುತ್ತಾ ಮೆಂತ್ಯ ಬಿತ್ತಿದೆ. ಜಯಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಹಾರಾಣಿಯ ಹಾಗೆ ಕೂತು, "ಸೊಟ್ಟ ಸೊಟ್ಟ! ನೀನು ಬಿತ್ತಿದೀಯೋ ಚೆಲ್ಲಿದೀಯೋ?" ಎಂದು ಬೈಯುತ್ತಿದ್ದರು. ಮೊದಲನೇ ಮಹಡಿಯಲ್ಲಿರುವ ಹುಬ್ಬಳ್ಳಿ ಕಡೆಯ ಹುಡುಗ, ಆಫೀಸಿಗೆ ಹೋಗುವವನು, ಪಾತಿಯ ಅಂಚಿಗೇ ಬೈಕ್ ನಿಲ್ಲಿಸಿದ್ದ. ಕೆಳಗಿಳಿದು ಬಂದು ಹಸಿ ಮಣ್ಣು ನೋಡಿ ನಿಂತ.

"ಅಮ್ಮಾರ, ಇಲ್ಲಿ ಕಲ್ಲ ಹಾಸತೀವಿ ಅಂದಿದ್ರಲ್ರೀ? ಗಾಡಿ ಎಲ್ಲಿ ಹಚ್ಚಲ್ರೀ ಇನ್ನ?"

"ಮೆಂತ್ಯದ ಮೇಲೆ ಹಚ್ತೀಯೇನಪ್ಪ?" ಎಂದರು ಜಯಕ್ಕ.

"ಮೆಂತ್ಯೇನ್ರೀ?" ಹುಡುಗ ಬಗ್ಗಿ ನೋಡಿದ. "ನಮ್ಮ ಕಡೆ ಹಸೀದ ತಿಂತೀವ್ರೀ, ರೊಟ್ಟಿ ಜೋಡಿ. ಇಲ್ಲಿಗೆ ಬಂದಮ್ಯಾಲ ತಿಂದಽ ಇಲ್ರೀ."

"ಎದ್ದು ಬರ್ಲಿ. ಮೊದ್ಲನೇ ಕಟ್ಟು ನಿಂದೇ!" ಬೀದಿಯ ಆ ತುದಿಗೆ ಕೇಳುವ ಹಾಗೆ ಹೇಳಿದರು ಜಯಕ್ಕ. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದವಳು ಬಗ್ಗಿ ನೋಡಿದಳು.

ಹುಡುಗ ಬೈಕಿನ ಸ್ಟ್ಯಾಂಡು ತೆಗೆದ. ಮಣ್ಣಿನಡಿ ಯಾರೋ ಈಗಷ್ಟೇ ಮಲಗಿದ್ದಾರೆ ಎನ್ನುವಂತೆ, ಸ್ಟಾರ್ಟ್ ಮಾಡದೆ, ಮೆಲ್ಲಗೆ ತಳ್ಳಿಕೊಂಡು ಗೇಟಿನಾಚೆ ಹೋದ.