ಮೀಸಲು ಹಿತ್ತಲು

ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಗ್ರಾಮಸೇವಿಕೆಯಾಗಿದ್ದೆ. ಮನೆ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ, ಕೆಲಸ ಮಂಡಕಳ್ಳಿಯ ಸುತ್ತಮುತ್ತಲ ಹಳ್ಳಿಗಳಲ್ಲಿ. ಹಿತ್ತಲಲ್ಲಿ ತರಕಾರಿ ಹಾಕಿ, ಬಚ್ಚಲ ನೀರನ್ನು ಪೋಲು ಮಾಡಬೇಡಿ, ತಿಪ್ಪೆಯನ್ನು ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡಿ, ಬೆಳೆದದ್ದನ್ನು ಮೊದಲು ಮಕ್ಕಳಿಗೆ ತಿನ್ನಿಸಿ ಎಂದು ಮನೆಮನೆಗೆ ಹೋಗಿ ಹೇಳುವುದೇ ನನ್ನ ಉದ್ಯೋಗ. ಹುಟ್ಟಿನಿಂದ ಮಣ್ಣಿನಲ್ಲೇ ಇರುವವರಿಗೆ ಸೊಪ್ಪು ಬೆಳೆಯುವುದನ್ನು ಹೇಳಿಕೊಡಲು ಮೈಸೂರಿನಿಂದ ಬಸ್ಸಿನಲ್ಲಿ ಹೋಗಬೇಕೇ ಎಂದು ನನ್ನಮ್ಮ ನಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಆಗ ಆ ಕೆಲಸದಲ್ಲಿ ನನಗೆ ಅಷ್ಟು ನಂಬಿಕೆಯಿತ್ತು.

ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದು ಒಂದೇ ಮನೆ. ಅಲ್ಲೊಬ್ಬ ಅಜ್ಜಿ, ಮಗ, ಸೊಸೆ, ಎರಡು ಮಕ್ಕಳು. ಚಿಕ್ಕದು ಇನ್ನೂ ಎದೆಹಾಲಿನಲ್ಲಿತ್ತು. ಅದು ಹುಟ್ಟಿದಂದಿನಿಂದ ಹಾಲು ಬಿಟ್ಟ ದೊಡ್ಡ ಹೆಣ್ಣುಮಗು ಮಾತ್ರ ಸೊರಗಿಹೋಗಿತ್ತು. ಕಾಲು ಊದಿತ್ತು, ಕೂದಲು ಕೆಂಚಗಾಗಿತ್ತು. ನಗುವುದಿರಲಿ, ಅಳುವುದಕ್ಕೂ ಅದಕ್ಕೆ ಮನಸ್ಸಿರಲಿಲ್ಲ. ರಾಗಿ ಮುದ್ದೆ, ಉಪ್ಪು ಖಾರದ ನೀರು, ಅಷ್ಟೇ ಅದರ ಊಟ. ಅಜ್ಜಿಗೆ ಅದೆಂದರೆ ಜೀವ. ಆ ಮಗುವಿಗಾಗಿಯೇ ಅವರು ಹಿತ್ತಲು ಅಗೆದದ್ದು.

ಹೊಂಗೆ ಸೊಪ್ಪು, ಬೂದಿ, ಸಗಣಿ ಹಾಕಿ ಅವರು ಮಾಡಿದ ಗೊಬ್ಬರಕ್ಕೆ ದಂಟಿನ ಸೊಪ್ಪು ಉಕ್ಕಿ ಬಂತು. ಬೇಲಿಯ ತುಂಬ ಅಲಸಂದೆ ಹಬ್ಬಿತು. ನಾನು ಖುಷಿಯಿಂದ ಕುಣಿಯುವುದೊಂದು ಬಾಕಿ. ಅದೇ ಹೊತ್ತಿಗೆ ನಮ್ಮ ಮೇಲಿನವರೊಬ್ಬರು ಜೀಪಿನಲ್ಲಿ ಬಂದು ನೋಡಿದರು. ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರುತ್ತಾರೆ, ಇದನ್ನೇ ತೋರಿಸೋಣ, ಅಲ್ಲಿಯವರೆಗೆ ಒಂದೆಲೆಯನ್ನೂ ಮುಟ್ಟಬೇಡಿ ಎಂದು ಅಪ್ಪಣೆ ಮಾಡಿ ಹೋದರು.

ಮುಂದಿನ ವಾರ ಹೋದಾಗ ಮಗುವಿನ ತಟ್ಟೆಯಲ್ಲಿ ಅದೇ ಮುದ್ದೆ, ಅದೇ ನೀರು. ಹಿತ್ತಲಿನ ಬಾಗಿಲಿಗೆ ಅರಿಶಿನ ಹಚ್ಚಿತ್ತು. ಕೊಯ್ಯಿರಿ, ಯಾರು ಏನಂದರೂ ನಾನಿದ್ದೇನೆ ಎಂದೆ. ಅಜ್ಜಿ ಕೆನ್ನೆಗೆ ಬಡಿದುಕೊಂಡರು.

"ದೊಡ್ಡೋರ್ಗೆ ಅಂತ ಮೀಸ್ಲು ತೆಗ್ದಿರೋದು ಕಣವ್ವ. ಅದ್ನ ಮುಟ್ಬುಟ್ಟು, ಮೊದ್ಲೇ ಸೊರಗಿರೋ ಕೂಸ್ಗೆ ಇನ್ನೇನಾರ ಆಗ್ಬುಟ್ರೆ?"

ದೇವರಿಗೆಂದು ಎತ್ತಿಟ್ಟ ಮೀಸಲನ್ನು ಆ ಮನೆಯವರು ಮೂಸಿಯೂ ನೋಡುವವರಲ್ಲ. ಜೀಪಿನಲ್ಲಿ ಬಂದ ಅಪ್ಪಣೆಯನ್ನೂ ಅವರು ಅದೇ ಲೆಕ್ಕಕ್ಕೆ ಸೇರಿಸಿದ್ದರು. ಸೊಪ್ಪನ್ನು ಕಾಯ್ದರೆ ಮಗು ಉಳಿಯುತ್ತದೆಂಬುದು ಅವರ ನಂಬಿಕೆ. ನಾನೇ ಹೋಗಿ ಒಂದು ಹಿಡಿ ಕಿತ್ತು ಒಲೆಯ ಬಳಿ ಇಟ್ಟುಬಂದೆ. ಅದನ್ನೂ ಯಾರೂ ಬೇಯಿಸಲಿಲ್ಲ. ಕಿತ್ತ ಜಾಗ ಬೋಳಾಗಿ ಕಾಣಬಾರದೆಂದು ಅಜ್ಜಿ ಅಲ್ಲಿ ಬೇರೆ ಗಿಡ ನೆಟ್ಟಿದ್ದರು.

ಸಾಹೇಬರು ಬರುವ ದಿನ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ನಾನು ಮೈಸೂರಿನ ಆಫೀಸಿಗೆ ಹೋಗಿ ಜಗಳ ಮಾಡಿದೆ. ಮಗುವಿಗೆ ಹುಷಾರಿಲ್ಲದಿದ್ದರೆ ಆಸ್ಪತ್ರೆಗೆ ತೋರಿಸಿ, ಅದಕ್ಕೂ ತೋಟಕ್ಕೂ ಏನು ಸಂಬಂಧ ಎಂದರು. ಸೊಸೆಯನ್ನೂ ಮಗುವನ್ನೂ ಕರೆದುಕೊಂಡು ಬಂದು ಅದನ್ನೂ ಮಾಡಿದೆ. ಡಾಕ್ಟರು ಮಗುವಿನ ಕಾಲನ್ನು ಒತ್ತಿ ನೋಡಿ, ಔಷಧಿಗಿಂತ ಊಟ ಮುಖ್ಯ, ಸೊಪ್ಪು, ಕಾಳು ಚೆನ್ನಾಗಿ ಕೊಡಿ ಎಂದರು. ಸೊಸೆ ನನ್ನ ಮುಖ ನೋಡಿದಳು. ಊರಿಗೆ ವಾಪಸಾದ ಮೇಲೂ ಅಜ್ಜಿ ಹಿತ್ತಲಿನ ಮೀಸಲು ಬಿಡಲಿಲ್ಲ.

ಆಮೇಲೆ ಮಗುವಿಗೆ ಭೇದಿ ಹಿಡಿಯಿತು. ತಡೆಯುವ ಶಕ್ತಿ ಅದರಲ್ಲಿ ಎಲ್ಲಿತ್ತು? ನಾನು ಹೋಗುವಷ್ಟರಲ್ಲಿ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದಿದ್ದರು. ಸೊಪ್ಪು, ಕಾಳು ತಿಂದಿದ್ದರೆ ಖಂಡಿತ ಬದುಕುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ತಿನ್ನಲಿಲ್ಲವಲ್ಲ, ಆ ಸಂಕಟ ಇವತ್ತಿಗೂ ಹೋಗಿಲ್ಲ.

ಸೂತಕ ಕಳೆಯುವ ಮುಂಚೆಯೇ ಸಾಹೇಬರು ಬಂದರು. ಅಷ್ಟು ಹೊತ್ತಿಗೆ ದಂಟು ಆಳೆತ್ತರ ಬೆಳೆದು, ಬಲಿತು, ತೆನೆ ಬಿಟ್ಟಿತ್ತು. ಅಲಸಂದೆ ಬಳ್ಳಿಯಲ್ಲೇ ಒಣಗಿ ಸಿಡಿಯುತ್ತಿತ್ತು. ಎಷ್ಟು ಎತ್ತರ ಬೆಳೆದಿದೆ, ಭೇಷ್ ಎಂದರು ಸಾಹೇಬರು. ತಾಯಿ ಮಗು ಇಬ್ಬರೂ ಗಿಡದ ಪಕ್ಕ ನಿಂತರೆ ಚೆನ್ನಾಗಿರುತ್ತದೆ ಎಂದು ಫೋಟೋದವನು ಹೇಳಿದ. ಸೊಸೆ ಕೈಗೂಸನ್ನು ಎತ್ತಿಕೊಂಡು ನಿಂತಳು. ವಿಷಯ ಹೇಳಲು ಬಾಯಿ ತೆರೆದೆ. ನಮ್ಮ ಮೇಲಿನವರು ನಡುವೆ ಬಂದು ಗೊಬ್ಬರದ ಗುಂಡಿ ತೋರಿಸಲು ಅವರನ್ನು ಆಚೆ ಕರೆದೊಯ್ದರು. ಜೀಪು ಹೊರಟುಹೋಯಿತು.

ಅಜ್ಜಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಇನ್ ಕುಯ್ಬೋದೇನವ್ವ?"

ಹೂಂ ಎಂದೆ. ಅವರು ಬಲಿತ ಎಲೆಗಳನ್ನು ಬಿಟ್ಟು, ತುದಿಯ ಎಳೆಯದನ್ನಷ್ಟೇ ಆರಿಸಿ ಸೆರಗಿನಲ್ಲಿ ತುಂಬಿಕೊಂಡು ತಂದು ಸೊಸೆಯ ಮುಂದೆ ಸುರಿದರು. ಸೊಸೆ ಅಷ್ಟನ್ನೂ ಬಾಚಿಕೊಂಡು ಕೊಟ್ಟಿಗೆಗೆ ಹೋಗಿ ಹಸುವಿನ ಮುಂದೆ ಹಾಕಿ ಬಂದಳು.